ಎನೇಬಲ್ ಮಾಡಿದ ಸರ್ವಿಸ್ ತಾನಾಗೇ ಡಿಸೇಬಲ್ ಆಗುತ್ತಿದೆ, ಯಾಕೆ?

ಪ್ರಶ್ನೆ: ನಮ್ಮಲ್ಲಿ ಎರಡು ಲಿನಕ್ಸ್ ಸರ್ವರ್‌ಗಳ ಪೇಸ್‌ಮೇಕರ್ ಕ್ಲಸ್ಟರ್ (ಒಂದು ಸರ್ವರ್ ಬಿದ್ದರೆ ಇನ್ನೊಂದರಲ್ಲಿ ಸರ್ವಿಸ್ ಎಬ್ಬಿಸುವ ವ್ಯವಸ್ಥೆ) ಇದೆ. ಎರಡಕ್ಕೂ ಡಿಸ್ಕ್ ಒಂದೇ. ಕರೆಂಟ್ ಹೋಗಿ ಬಂದಾಗ ಪೋಸ್ಟ್‌ಗ್ರೆಸ್ ಡೇಟಾಬೇಸ್ ಏಳುವುದೇ ಇಲ್ಲ. ಅದಕ್ಕೇ ಬೂಟ್‌ನಲ್ಲಿ ತಾನಾಗೇ ಶುರುವಾಗಲಿ ಅಂತ ಎರಡರಲ್ಲೂ ಸಿಸ್ಟಂಸಿಟಿಎಲ್ ಎನೇಬಲ್ ಕೊಟ್ಟೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ಡಿಸೇಬಲ್! ಇದನ್ನು ನಿಲ್ಲಿಸೋದು ಹೇಗೆ?

ಉತ್ತರ: ದಯವಿಟ್ಟು ಮತ್ತೆ ಎನೇಬಲ್ ಮಾಡಬೇಡಿ. ಅದು ಡಿಸೇಬಲ್ ಆಗಿರುವುದೇ ಸರಿ. ಡೇಟಾಬೇಸ್ ಯಾವ ನೋಡ್‌ನಲ್ಲಿ (ಅಂದರೆ ಕ್ಲಸ್ಟರಿನ ಯಾವ ಸರ್ವರ್‌ನಲ್ಲಿ) ಓಡಬೇಕು ಅಂತ ತೀರ್ಮಾನಿಸುವುದು ಪೇಸ್‌ಮೇಕರ್ ಕೆಲಸ, ಬೂಟ್ ಹೊತ್ತಿನಲ್ಲಿ ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸುವ ಪ್ರೋಗ್ರಾಂ) ಅದರಲ್ಲಿ ಕೈ ಹಾಕಬಾರದು. ಎರಡೂ ನೋಡ್ ಒಟ್ಟಿಗೆ ಎದ್ದು, ಅದೇ ಡಿಸ್ಕನ್ನು ಮೌಂಟ್ ಮಾಡಿಕೊಂಡು ಪೋಸ್ಟ್‌ಗ್ರೆಸ್ ಶುರು ಮಾಡಿದರೆ ಡೇಟಾ ಹಾಳಾಗುತ್ತದೆ. ಪೋಸ್ಟ್‌ಗ್ರೆಸ್ ಓಡುವಾಗ ತನ್ನ ಪ್ರೋಸೆಸ್ ನಂಬರ್ ಬರೆದಿಡುವ ಪೋಸ್ಟ್‌ಮಾಸ್ಟರ್ ಪಿಐಡಿ ಫೈಲ್ ಇದೆಯಲ್ಲ, ಅದು ತಡೆಯಲ್ವಾ ಅಂತ ಕೇಳಬಹುದು. ಅದನ್ನು ನಂಬಿಕೊಳ್ಳಬೇಡಿ. ಆ ಫೈಲಿನಲ್ಲಿರುವ ಪ್ರೋಸೆಸ್ ನಂಬರ್ ಇದೇ ಯಂತ್ರದಲ್ಲಿ ಜೀವಂತ ಇದೆಯಾ ಅಂತ ಮಾತ್ರ ಪೋಸ್ಟ್‌ಗ್ರೆಸ್ ನೋಡುತ್ತದೆ, ಪಕ್ಕದ ಸರ್ವರ್‌ನಲ್ಲಿ ಓಡುತ್ತಿರುವುದು ಅದಕ್ಕೆ ಕಾಣಿಸುವುದೇ ಇಲ್ಲ, ಹಾಗಾಗಿ ಹಳೇ ಫೈಲ್ ಉಳಿದುಕೊಂಡಿದೆ ಅಂದುಕೊಂಡು ಶುರುವಾಗಿಬಿಡುತ್ತದೆ.

ಇನ್ನು ಎನೇಬಲ್ ತೆಗೆಯುತ್ತಿರುವುದು ಯಾರು? ಪೇಸ್‌ಮೇಕರ್ ಅಲ್ಲ. ಅದು ಸರ್ವಿಸ್ ಶುರು ಮಾಡುತ್ತದೆ, ನಿಲ್ಲಿಸುತ್ತದೆ, ಎನೇಬಲ್ ತಂಟೆಗೆ ಹೋಗುವುದಿಲ್ಲ. ಜಾಸ್ತಿ ಅನುಮಾನ ಪಪೆಟ್ ಅಥವಾ ಆನ್ಸಿಬಲ್ (ಸರ್ವರ್ ಸೆಟ್ಟಿಂಗ್‌ಗಳನ್ನು ತಾವೇ ಸರಿಪಡಿಸುವ ಟೂಲ್‌ಗಳು) ಮೇಲೆ. ಪಪೆಟ್ ಏಜೆಂಟ್ ಡಿಫಾಲ್ಟ್ ಆಗಿ 30 ನಿಮಿಷಕ್ಕೊಮ್ಮೆ ಓಡುತ್ತದೆ, ನೀವು ಹೇಳುವ 'ಸ್ವಲ್ಪ ಹೊತ್ತು' ಅದಕ್ಕೆ ಹೊಂದುತ್ತದೆ. ಸರ್ವಿಸ್ ಡಿಸೇಬಲ್ ಆದ ಹೊತ್ತಿನ ಜರ್ನಲ್ (ಸಿಸ್ಟಂ ಲಾಗ್) ತೆಗೆದು ಓದಿ, ಇವೆರಡೂ ತಮ್ಮ ಗುರುತು ಅಲ್ಲೇ ಬಿಟ್ಟಿರುತ್ತವೆ. ಏನೂ ಸಿಗದಿದ್ದರೆ ಆಡಿಟ್ (ಯಾರು ಏನು ಓಡಿಸಿದರು ಅಂತ ದಾಖಲಿಸುವ ಲಿನಕ್ಸ್ ಸೌಲಭ್ಯ) ಹಾಕಿ. ಎನೇಬಲ್ ಅಂದರೆ ಮಲ್ಟಿ-ಯೂಸರ್ ಟಾರ್ಗೆಟ್‌ನ ವಾಂಟ್ಸ್ ಫೋಲ್ಡರಿನಲ್ಲಿ ಒಂದು ಸಿಮ್‌ಲಿಂಕ್ (ಸರ್ವಿಸ್ ಫೈಲಿನತ್ತ ತೋರಿಸುವ ಲಿಂಕ್) ಅಷ್ಟೇ, ಆದರೆ ಅದನ್ನು ಅಳಿಸುವುದು ಸಾಮಾನ್ಯವಾಗಿ ಸಿಸ್ಟಂಡಿಯೇ, ಹಾಗಾಗಿ ಆಡಿಟ್‌ಸಿಟಿಎಲ್‌ನಿಂದ ಫೋಲ್ಡರ್ ಬದಲು ಸಿಸ್ಟಂಸಿಟಿಎಲ್ ಪ್ರೋಗ್ರಾಂ ಮೇಲೆ ಕಣ್ಣಿಟ್ಟರೆ ಅದನ್ನು ಓಡಿಸಿದ್ದು ಯಾವ ಪ್ರೋಸೆಸ್, ಯಾವ ಯೂಸರ್ ಅಂತ ಆಮೇಲೆ ಎಯುಸರ್ಚ್ ಕಮಾಂಡ್‌ನಲ್ಲಿ ಸಿಗುತ್ತದೆ. ಯಾರು ಅಂತ ಗೊತ್ತಾದ ಮೇಲೆ ಸರ್ವಿಸ್ ಡಿಸೇಬಲ್ ಮಾಡುವ ಆ ರೂಲ್ ತೆಗೆಸಬೇಡಿ, ಅದು ನಿಮ್ಮ ಡೇಟಾ ಕಾಯುತ್ತಿದೆ.

ನಿಮ್ಮ ನಿಜವಾದ ತೊಂದರೆ ಇರುವುದು ಬೇರೆ ಕಡೆ. ಕೊರೊಸಿಂಕ್ (ನೋಡ್‌ಗಳ ನಡುವೆ ಸಂಪರ್ಕ ಇಡುವ ಸರ್ವಿಸ್) ಮತ್ತು ಪೇಸ್‌ಮೇಕರ್ ಬೂಟ್‌ನಲ್ಲಿ ಏಳುತ್ತಿವೆಯಾ? ಸಿಸ್ಟಂಸಿಟಿಎಲ್ ಈಸ್-ಎನೇಬಲ್ಡ್ ಕೊಟ್ಟು ನೋಡಿ. ಇಲ್ಲದಿದ್ದರೆ ಪಿಸಿಎಸ್ (ಕ್ಲಸ್ಟರ್ ನಿರ್ವಹಿಸುವ ಕಮಾಂಡ್) ಕ್ಲಸ್ಟರ್ ಎನೇಬಲ್ ಕೊಡಿ, ಜೊತೆಗೆ ಆಲ್ ಆಪ್ಶನ್. ಕ್ಲಸ್ಟರ್ ಎದ್ದರೆ ಡೇಟಾಬೇಸನ್ನು ತಾನೇ ಯಾವುದಾದರೂ ಒಂದು ನೋಡ್‌ನಲ್ಲಿ ಎಬ್ಬಿಸುತ್ತದೆ.

ಇವು ಎದ್ದರೂ ಪೋಸ್ಟ್‌ಗ್ರೆಸ್ ಬರಲಿಲ್ಲವಾ? ಎರಡೇ ನೋಡ್ ಇರುವಾಗ ಕೊರೊಸಿಂಕ್‌ನಲ್ಲಿ ಟೂ-ನೋಡ್ ಸೆಟ್ಟಿಂಗ್ ಹಾಕಿರುತ್ತೀರಿ. ಅದರ ಜೊತೆ ವೇಟ್-ಫಾರ್-ಆಲ್ ಕೂಡ ಆನ್ ಆಗುತ್ತದೆ. ಅಂದರೆ ಎರಡೂ ಆಫ್ ಆಗಿ, ಕರೆಂಟ್ ಬಂದ ಮೇಲೆ ಒಂದೇ ಎದ್ದರೆ, ಇನ್ನೊಂದು ಬರುವ ತನಕ ಕ್ಲಸ್ಟರ್ ಏನೂ ಶುರು ಮಾಡದೆ ಕಾಯುತ್ತದೆ. ಅಂಥ ಹೊತ್ತಲ್ಲಿ ಈ ಕಾಯುವಿಕೆ ನಿಲ್ಲಿಸಲು ಪಿಸಿಎಸ್ ಕೋರಂ ಅನ್‌ಬ್ಲಾಕ್ ಕೊಡಬಹುದು, ಆದರೆ ಸರ್ವರ್ ರೂಮಿಗೆ ಹೋಗಿ ಇನ್ನೊಂದು ಯಂತ್ರ ಪೂರ್ತಿ ಆಫ್ ಆಗಿದೆ ಅಂತ ಕಣ್ಣಾರೆ ನೋಡಿದ ಮೇಲೆ ಮಾತ್ರ. ಫೆನ್ಸಿಂಗ್ (ಕೆಟ್ಟ ನೋಡನ್ನು ಕ್ಲಸ್ಟರೇ ಬಲವಂತವಾಗಿ ಆಫ್ ಮಾಡುವುದು ಅಥವಾ ಡಿಸ್ಕಿನಿಂದ ದೂರ ಇಡುವುದು) ಇನ್ನೂ ಹಾಕಿಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.