ತಪಸಿ ಮರಕ್ಕೆ ಹುಳ ಏಕೆ ಬೀಳುತ್ತದೆ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಕಡೂರಿನ ಹತ್ತಿರ ನಮ್ಮ ಹೊಲದ ಬದುವಿನಲ್ಲಿ ಹಳೆಯ ತಪಸಿ ಮರವಿದೆ. ಸುತ್ತಳತೆ ಆರು ಅಡಿ, ನೇರ ಬೊಡ್ಡೆ ಹತ್ತು ಅಡಿ. ಮಂಚ, ಕಪಾಟಿಗೆ ಹಲಗೆ ಕುಯ್ಯಿಸೋಣ ಎಂದರೆ ನಮ್ಮೂರ ಆಚಾರರು ‘ಅದು ಸೌದೆ ಮರ, ವರ್ಷದೊಳಗೆ ಹುಳ ಬೀಳುತ್ತೆ’ ಎನ್ನುತ್ತಾರೆ. ಮಗ ‘ಇದು ಇಂಡಿಯನ್ ಎಲ್ಮ್, ಒಳ್ಳೆಯ ಮರ’ ಎನ್ನುತ್ತಾನೆ. ಯಾರ ಮಾತು ಸರಿ?

ಉತ್ತರ: ಇಬ್ಬರದೂ ಸರಿ. ತಪಸಿ, ಇಂಗ್ಲೆಂಡಿನಂಥ ತಂಪು ದೇಶಗಳಲ್ಲಿ ಬೆಳೆಯುವ ಎಲ್ಮ್ ಮರದ ಕುಟುಂಬದ್ದೇ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಹೋಲೋಪ್ಟೀಲಿಯ ಇಂಟೆಗ್ರಿಫೋಲಿಯ. ಮೊದಲು ಮರ ತಪಸಿಯೇ ಹೌದೇ ನೋಡಿಕೊಳ್ಳಿ. ಎಲೆ ಹೊಸಕಿದರೆ ಕೆಟ್ಟ ವಾಸನೆ ಬರಬೇಕು. ಬೇಸಿಗೆಯಲ್ಲಿ ಉದುರುವ ಕಾಯಿ ಹತ್ತು ರೂಪಾಯಿ ನಾಣ್ಯದಷ್ಟು ಅಗಲ, ತೆಳು ಕಾಗದದಂಥ ರೆಕ್ಕೆ, ನಡುವೆ ಒಂದೇ ಬೀಜ.

ಮರದಲ್ಲಿ ಬಲವಿದೆ. ಒಣಗಿದ ಮೇಲೆ ಒಂದು ಘನ ಅಡಿ 17ರಿಂದ 18 ಕೆಜಿ ತೂಗುತ್ತದೆ, ತೇಗಕ್ಕಿಂತ ಬಹಳವೇನೂ ಹಗುರವಲ್ಲ. ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಮೊಳೆ ಹೊಡೆದರೆ ಬೇಗ ಸೀಳುವುದಿಲ್ಲ. ಕೊರತೆ ಇರುವುದು ಬೇರೆ ಕಡೆ. ತೇಗ, ಹೊನ್ನೆಯ ದಿಮ್ಮಿ ಕುಯ್ದರೆ ನಡುವೆ ಬಣ್ಣದ ಚೇಗು, ಅಂದರೆ ಬಲಿತ ಒಳಮರ, ಕಾಣುತ್ತದೆ, ಹುಳ ಗೆದ್ದಲುಗಳನ್ನು ತಡೆಯುವ ಸತ್ವ ಅದರಲ್ಲಿರುತ್ತದೆ. ತಪಸಿಯಲ್ಲಿ ಅಂಥ ಚೇಗು ಇಲ್ಲ. ಅಂಚಿನಿಂದ ನಡುವಿನವರೆಗೂ ಒಂದೇ ತಿಳಿಹಳದಿ, ಎಲ್ಲವೂ ಹುಳಕ್ಕೆ ಆಹಾರ. ಕಡಿದ ದಿಮ್ಮಿಯನ್ನು ‘ಸುಗ್ಗಿ ಮುಗಿಯಲಿ’ ಎಂದು ಎರಡು ತಿಂಗಳು ನೆಲದ ಮೇಲೆ ಬಿಟ್ಟರೆ ಮೊದಲು ನೀಲಿ ಬೂಷ್ಟು, ಹಿಂದೆಯೇ ಸೂಜಿ ತೂತು. ಆಚಾರರು ನೋಡಿರುವುದು ಹೆಚ್ಚಾಗಿ ಇಂಥ ಮರವನ್ನೇ. ಕಡಿದ ದಿನದಿಂದ ಔಷಧದ ನೀರಿಗೆ ಇಳಿಸುವ ದಿನದವರೆಗೆ ಎಷ್ಟು ಹೊತ್ತು ಕಳೆಯಿತು ಎಂಬುದರ ಮೇಲೆಯೇ ತಪಸಿಯ ಆಯಸ್ಸು ನಿಂತಿದೆ.

ಕೊಡಲಿ ಹಾಕುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಅನುಮತಿ ಕೇಳಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಸ್ವಂತ ಜಮೀನಿನ ಮರಕ್ಕೂ ಅನ್ವಯಿಸುತ್ತದೆ. ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ ಎಂದು ಎಲ್ಲ ಮರಕ್ಕೂ ಇದೆ ಎಂದುಕೊಳ್ಳಬೇಡಿ. ಅನುಮತಿ ಕೈಗೆ ಬಂದ ಮೇಲೆ ಸಾಮಿಲ್‌ನವರೊಂದಿಗೆ ದಿನ ನಿಗದಿ ಮಾಡಿ, ಆಮೇಲೆ ಮರ ಉರುಳಿಸಿ. ದೀಪಾವಳಿಯಿಂದ ಸಂಕ್ರಾಂತಿಯ ನಡುವೆ ಕಡಿದರೆ ಮುಂಗಾರಿಗೆ ಮುಂಚೆ ಹಲಗೆ ಒಣಗಲು ಸಮಯ ಸಿಗುತ್ತದೆ. ಉರುಳಿಸಿದ ದಿನವೇ ದಿಮ್ಮಿಯ ಎರಡೂ ತುದಿಗೆ ದಪ್ಪವಾಗಿ ಹಳೆಯ ಪೇಂಟ್ ಬಳಿಯಿರಿ. ಇಲ್ಲದಿದ್ದರೆ ತುದಿ ಬೇಗ ಒಣಗಿ ಬಿರುಕು ಒಳಕ್ಕೆ ಓಡುತ್ತದೆ. ಹತ್ತು ಹದಿನೈದು ದಿನದೊಳಗೆ ಕುಯ್ಯಿಸಿ. ಆಗಲೇ ಇಲ್ಲವೆಂದರೆ ದಿಮ್ಮಿಯನ್ನು ಪೂರ್ತಿ ಮುಳುಗುವಂತೆ ಕೆರೆಗೋ ಕೃಷಿಹೊಂಡಕ್ಕೋ ಹಾಕಿಡಿ, ಅರ್ಧ ತೇಲುವಂತೆ ಬಿಡಬೇಡಿ.

ಎಷ್ಟು ಹಲಗೆ ಸಿಗುತ್ತದೆ ಎಂಬ ಲೆಕ್ಕ ಹೀಗೆ: ನಿಮ್ಮ ಮರದ ಸುತ್ತಳತೆಯ ಕಾಲುಭಾಗ ಒಂದೂವರೆ ಅಡಿ. ಅದರ ವರ್ಗವನ್ನು ಹತ್ತು ಅಡಿಯಿಂದ ಗುಣಿಸಿದರೆ 22.5 ಘನ ಅಡಿ. ತೊಗಟೆ, ಹೊರಪದರ, ಗರಗಸದ ಹೊಟ್ಟು ಕಳೆದು ಸುಮಾರು ಅರ್ಧದಷ್ಟು ಹಲಗೆಯಾಗಿ ಸಿಕ್ಕೀತು. ಒಂದು ಇಂಚಿನ ಹಲಗೆ ಬೇಕಿದ್ದರೆ ಒಂದೂಕಾಲು ಇಂಚಿಗೆ ಕುಯ್ಯಿಸಿ, ಒಣಗುವಾಗ ಕುಗ್ಗಿದ್ದೂ ಕೀಸುಳಿ ಹೊಡೆದಿದ್ದೂ ಅದರಲ್ಲಿ ಹೋಗುತ್ತದೆ.

ಹುಳ ತಡೆಯಲು ಹಲಗೆ ಹಸಿಯಾಗಿರುವಾಗಲೇ ಬೋರಿಕ್ ಆಸಿಡ್ ಮತ್ತು ಬೋರಾಕ್ಸ್ ಕೊಡಬೇಕು, ಏಕೆಂದರೆ ಈ ಲವಣಗಳು ಮರದೊಳಗಿನ ನೀರಿನ ಮೂಲಕವೇ ಒಳಕ್ಕೆ ಸರಿಯುತ್ತವೆ. ಒಣ ಹಲಗೆಗೆ ಬಳಿದರೆ ಮೇಲ್ಮೈಯಲ್ಲೇ ನಿಂತುಬಿಡುತ್ತದೆ. 100 ಲೀಟರ್ ನೀರಿಗೆ 2 ಕೆಜಿ ಬೋರಿಕ್ ಆಸಿಡ್, 3 ಕೆಜಿ ಬೋರಾಕ್ಸ್ ಲೆಕ್ಕ. ಮೊದಲು ಒಂದು ಹಂಡೆ ಬಿಸಿನೀರಿನಲ್ಲಿ ಎರಡನ್ನೂ ಕರಗಿಸಿ, ಆಮೇಲೆ ಉಳಿದ ನೀರಿಗೆ ಸೇರಿಸಿ. ತಣ್ಣೀರಿಗೆ ಸುರಿದರೆ ತಳದಲ್ಲಿ ಕೂರುತ್ತದೆ. ನೆಲದಲ್ಲಿ ತೊಟ್ಟಿ ತೋಡಿ ಟಾರ್ಪಾಲು ಹಾಸಿ, ಹಲಗೆಗಳ ನಡುವೆ ಕಡ್ಡಿ ಇಟ್ಟು, ಮೇಲೆ ಕಲ್ಲು ಹೇರಿ ಒಂದು ವಾರ ಮುಳುಗಿಸಿ. ತೆಗೆದ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡು ವಾರ ನೆರಳಿನಲ್ಲಿ ಬಿಡಿ, ಔಷಧ ಒಳಗಿನವರೆಗೆ ಹೋಗುವುದು ಈ ದಿನಗಳಲ್ಲಿ. ತೊಟ್ಟಿಯ ಹತ್ತಿರ ದನ ಸುಳಿಯಬಾರದು. ಉಳಿದ ನೀರನ್ನು ಅಡಿಕೆ, ಕಾಫಿ ಬುಡಕ್ಕೆ ಚೆಲ್ಲಬೇಡಿ; ಬೋರಾನ್ ಹೆಚ್ಚಾದರೆ ಗಿಡದ ಎಲೆ ಸುಟ್ಟು ಹೋಗುತ್ತದೆ.

ಇನ್ನು ಅಟ್ಟಿ ಕಟ್ಟುವುದು. ಗಾಳಿಯಾಡುವ ಕೊಟ್ಟಿಗೆಯಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಎರಡೆರಡು ಅಡಿಗೊಂದು ಒಂದಿಂಚಿನ ಒಣ ರೀಪು ಇಟ್ಟು ಹಲಗೆ ಜೋಡಿಸಿ. ಪ್ರತಿ ಸಾಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು. ಅರ್ಧ ಅಡಿ ಆಚೀಚೆ ಆದರೂ ಭಾರ ಸರಿಯಾಗಿ ಇಳಿಯದೆ ಹಲಗೆ ಅಲೆಯಂತೆ ಬಾಗಿ ಒಣಗುತ್ತದೆ, ಆಮೇಲೆ ಯಾವ ಆಚಾರರೂ ಅದನ್ನು ನೇರ ಮಾಡಲಾರರು. ಹೆಣೆದ ಎಳೆಯ ಮರ ತಿರುಚಿಕೊಳ್ಳುವುದೂ ಹೆಚ್ಚು, ಆದ್ದರಿಂದ ಮೇಲೆ ಸೈಜುಗಲ್ಲು ಹೇರಲೇಬೇಕು. ಬಿಸಿಲಿಗೆ ಇಡಬೇಡಿ. ಒಂದು ತುಂಡನ್ನು ವಾರಕ್ಕೊಮ್ಮೆ ತೂಕ ಮಾಡುತ್ತಾ ಬನ್ನಿ, ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದರ್ಥ. ಬೇಸಿಗೆಯಲ್ಲಿ ಮೂರು ನಾಲ್ಕು ತಿಂಗಳು ಹಿಡಿದೀತು.

ಕೀಸುಳಿಗೆ ಈ ಮರ ಸುಲಭವಾಗಿ ಬಗ್ಗುವುದಿಲ್ಲ. ಒಂದು ಪಟ್ಟೆ ನಯವಾಗಿ ಬಂದರೆ ಪಕ್ಕದ ಪಟ್ಟೆ ಕಿತ್ತು ಬರುತ್ತದೆ. ಅಲಗು ಚೆನ್ನಾಗಿ ಮಸೆದು, ತೀರಾ ತೆಳುವಾಗಿ, ಸ್ವಲ್ಪ ಓರೆಯಾಗಿ ಹೊಡೆಯಲು ಹೇಳಿ. ಉಳಿದದ್ದನ್ನು 80, 120, 220ರ ಉಪ್ಪುಕಾಗದಕ್ಕೆ ಬಿಡಿ. ಮಂಚದ ಹಲಗೆ, ಕಪಾಟಿನ ಒಳಹಲಗೆ, ಹಣ್ಣಿನ ಪೆಟ್ಟಿಗೆ, ಗುದ್ದಲಿ ಕಾವು ಇವಕ್ಕೆ ಧೈರ್ಯವಾಗಿ ಬಳಸಿ. ಕೊಡಲಿ ಕಾವಿಗೆ ದಿಂಡಿಗವೇ ವಾಸಿ. ಬಾಗಿಲುವಾಡ, ಮಳೆ ಹೊಡೆಯುವ ಕಿಟಕಿ, ಬೇಲಿಗೂಟಕ್ಕೆ ತಪಸಿ ಬೇಡವೇ ಬೇಡ: ಬೋರಾಕ್ಸ್ ಮಳೆಗೆ ತೊಳೆದುಹೋಗುತ್ತದೆ, ಗೆದ್ದಲು ಬರುತ್ತದೆ.

ಪ್ರಶ್ನೆ: ಎಲ್ಮ್ ನೀರಿನಲ್ಲಿ ಕೊಳೆಯುವುದಿಲ್ಲವಂತೆ. ಅರಸೀಕೆರೆಯ ನಮ್ಮ ತೋಟದ ಬಾವಿಗೆ ತಪಸಿ ತೊಲೆ ಹಾಕಬಹುದೇ?

ಉತ್ತರ: ಬೇಡ. ಇಂಗ್ಲೆಂಡಿನಲ್ಲಿ ಎಲ್ಮ್ ಬೊಡ್ಡೆ ಕೊರೆದು ಊರಿಗೆ ನೀರಿನ ಕೊಳವೆ ಮಾಡುತ್ತಿದ್ದರು. 1209ರಲ್ಲಿ ಮುಗಿದ ಹಳೆಯ ಲಂಡನ್ ಸೇತುವೆಯ ಬುಡಕ್ಕೂ ಎಲ್ಮ್ ಕಂಬ ಬಡಿದಿದ್ದರು. ಅವು ಬಾಳಿದ್ದು ಸದಾ ತೋಯ್ದೇ ಇದ್ದುದರಿಂದ. ಗಾಳಿ ಸಿಗದ ಕಡೆ ಕೊಳೆಸುವ ಶಿಲೀಂಧ್ರ ಬೆಳೆಯದು. ಬಾವಿಯ ತೊಲೆ ಒಮ್ಮೆ ತೋಯ್ದು ಒಮ್ಮೆ ಒಣಗುತ್ತದೆ. ಅಂಥ ಜಾಗದಲ್ಲಿ ಎಲ್ಮೂ ಉಳಿಯುವುದಿಲ್ಲ, ತಪಸಿ ಇನ್ನೂ ಬೇಗ ಹೋಗುತ್ತದೆ. ಜನ ಬಗ್ಗಿ ನೀರು ಸೇದುವ ಜಾಗ, ಕಬ್ಬಿಣದ ತೊಲೆ ಹಾಕಿಸಿ.

ಪ್ರಶ್ನೆ: ಮೂಡಿಗೆರೆ ಹತ್ತಿರದ ನಮ್ಮ ತೋಟದ ಬಂಗಲೆಯಲ್ಲಿ ಬ್ರಿಟಿಷರ ಕಾಲದ ವಿಂಡ್ಸರ್ ಕುರ್ಚಿ ಇದೆ. ಎಲ್ಮ್ ಹಲಗೆಯ ಆಸನ, ಅದರ ತೂತುಗಳಿಗೆ ಸಿಕ್ಕಿಸಿದ ಕಾಲುಗಳು. ಕಾಲುಗಳು ಅಲ್ಲಾಡುತ್ತವೆ, ಕೆಳಗೆ ಬಿಳಿ ಪುಡಿ ಬೀಳುತ್ತದೆ. ಉಳಿಸಬಹುದೇ?

ಉತ್ತರ: ಖಂಡಿತ ಉಳಿಸಿ. ಇಂಗ್ಲೆಂಡಿನಲ್ಲಿ 1960ರ ದಶಕದ ಕೊನೆಯಲ್ಲಿ ಶುರುವಾದ ಡಚ್ ಎಲ್ಮ್ ರೋಗಕ್ಕೆ ಎರಡೂವರೆ ಕೋಟಿಗೂ ಹೆಚ್ಚು ಮರ ಸತ್ತವು. ತೊಗಟೆ ದುಂಬಿ ಹೊತ್ತು ತರುವ ಶಿಲೀಂಧ್ರ ಮರದ ನೀರಿನ ನಾಳಗಳನ್ನು ಕಟ್ಟಿಹಾಕುತ್ತದೆ. ಅಷ್ಟು ಅಗಲದ ಒಂದೇ ಹಲಗೆ ಈಗ ಅಲ್ಲಿಯವರಿಗೇ ಅಪರೂಪ.

ಪುಡಿ ಒರೆಸಿ, ಕುರ್ಚಿಯ ಕೆಳಗೆ ಕಪ್ಪು ಕಾಗದ ಹಾಸಿ ಹದಿನೈದು ದಿನ ಕದಲಿಸದೆ ಬಿಡಿ. ಹೊಸ ಪುಡಿ ಬೀಳದಿದ್ದರೆ ಬಹುಶಃ ಹುಳದ ಹಳೆಯ ತೂತಿನಿಂದ ಉದುರಿದ್ದು. ಮುಂದಿನ ಬೇಸಿಗೆಯಲ್ಲಿ ಇನ್ನೊಮ್ಮೆ ನೋಡಿ. ಬಿದ್ದರೆ ಮರದ ಹುಳಕ್ಕೆಂದೇ ಮಾರುವ ಎಣ್ಣೆ ಮೂಲದ ಔಷಧವನ್ನು ಸಿರಿಂಜಿನಲ್ಲಿ ಪ್ರತಿ ತೂತಿಗೂ ಬಿಡಿ. ಕೈಗವಸು, ಕನ್ನಡಕ ಇರಲಿ. ಪೂರ್ತಿ ಆರುವವರೆಗೆ ಅಂಟಿನ ಕೆಲಸ ಬೇಡ, ಎಣ್ಣೆ ತಾಗಿದ ಕಡೆ ಅಂಟು ಕಚ್ಚದು.

ಕಾಲು ಸಡಿಲಾಗುವುದು ನಮ್ಮ ಮಳೆಗಾಲದಿಂದ. ಜುಲೈಯಲ್ಲಿ ಕಾಲಿನ ತುದಿ ಉಬ್ಬಿ ತೂತಿನೊಳಗೇ ಜಜ್ಜಿಹೋಗುತ್ತದೆ, ಮಾರ್ಚಿನಲ್ಲಿ ಕುಗ್ಗಿದಾಗ ಮೊದಲಿಗಿಂತ ಸಣ್ಣದಾಗಿರುತ್ತದೆ. ಮೊಳೆ ಹೊಡೆಯಬೇಡಿ, ಹಳೆಯ ಅಂಟಿನ ಮೇಲೆ ಫೆವಿಕಾಲ್ ಸುರಿಯಬೇಡಿ. ಹಳೆಯದು ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕರಗಿಸಿ ಕೆರೆದು ತೆಗೆದು ಎರಡು ದಿನ ಒಣಗಿಸಿ. ತೂತು ಆಸನದ ಮೇಲಕ್ಕೆ ಹಾಯ್ದಿದ್ದರೆ ಕಾಲಿನ ತುದಿಯನ್ನು ಸ್ವಲ್ಪ ಸೀಳಿ, ಅಂಟು ಸವರಿ ಕೂರಿಸಿ, ಮೇಲಿನಿಂದ ಗಟ್ಟಿಮರದ ಬೆಣೆ ಹೊಡೆಯಿರಿ. ಬೆಣೆ ಆಸನದ ಎಳೆಗೆ ಅಡ್ಡಡ್ಡವಾಗಿರಬೇಕು. ಎಳೆಯ ಉದ್ದಕ್ಕೆ ಹೊಡೆದರೆ ಎಲ್ಮ್ ಕೂಡ ಸೀಳಬಹುದು. ತೂತು ಮೇಲಕ್ಕೆ ಹಾಯ್ದಿಲ್ಲದಿದ್ದರೆ ತುದಿಗೆ ತೆಳು ಮರದ ಸಿಪ್ಪೆಯನ್ನು ಅಂಟಿನಿಂದ ಸುತ್ತಿ, ಅದು ಒಣಗಿದ ಮೇಲೆ ಬಿಗಿಯಾಗುವಷ್ಟು ಉಜ್ಜಿ ಕೂರಿಸಿ. ನಾಲ್ಕೂ ಕಾಲಿಗೆ ಹಗ್ಗ ಬಿಗಿದು, ಸಮ ನೆಲದ ಮೇಲೆ ಒಂದು ಹಗಲು ಒಂದು ರಾತ್ರಿ ಬಿಡಿ.

ಪ್ರಶ್ನೆ: ತಪಸಿ ಸಸಿ ಮಾಡುವುದು ಹೇಗೆ? ಮನೆಯ ಪಕ್ಕ ನೆಡಬಹುದೇ?

ಉತ್ತರ: ಏಪ್ರಿಲ್, ಮೇನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಕಾಯಿ ಆರಿಸಿ, ಅಂಗೈಯಲ್ಲಿ ಉಜ್ಜಿ ರೆಕ್ಕೆ ತೆಗೆದು ಕೂಡಲೇ ಬಿತ್ತಿ. ಬೀಜ ಬಹಳ ಕಾಲ ಇಟ್ಟರೆ ಹುಟ್ಟುವುದಿಲ್ಲ. ಮಣ್ಣು ತೆಳುವಾಗಿ ಮುಚ್ಚಿದರೆ ಸಾಕು. ಮನೆಯ ಪಕ್ಕ ಮಾತ್ರ ಬೇಡ. ಜನವರಿ, ಫೆಬ್ರವರಿಯಲ್ಲಿ ಎಲೆಯಿಲ್ಲದ ಕೊಂಬೆಯಲ್ಲಿ ಹೂ ಬಿಟ್ಟಾಗ ಇದರ ಪರಾಗ ಗಾಳಿಯಲ್ಲಿ ಹಾರುತ್ತದೆ, ಉಬ್ಬಸ ಮತ್ತು ಸೀನಿನ ತೊಂದರೆ ಇರುವವರಿಗೆ ಅದು ಕಾಟ ಕೊಡುತ್ತದೆ. ದೂರದ ಬದುವಿನಲ್ಲಿ, ಮಳೆ ಹಿಡಿದ ಮೇಲೆ, ಸಸಿ ಚಿಕ್ಕದಿರುವಾಗ ಆಡು ಮೇಯದಂತೆ ಮುಳ್ಳು ಕಟ್ಟಿ ನೆಡಿ.