ಪರಿಸರದ ಮಾತುಕತೆಗಳಲ್ಲಿ ಆಫ್ರಿಕಾದ ದೇಶಗಳು ನಿಜವಾಗಿಯೂ ಒಂದಾಗಿ ನಿಲ್ಲುತ್ತವೆಯೇ?

ಆಫ್ರಿಕಾದ 54 ದೇಶಗಳು ಒಂದೇ ದನಿಯಲ್ಲಿ ಮಾತನಾಡುತ್ತವೆ ಎನ್ನುವುದು ಬರಿಯ ಘೋಷಣೆಯೇ, ಅದರಿಂದ ಏನಾದರೂ ಸಾಧಿತವಾಗಿದೆಯೇ ಎಂದು ಕೇಳಿದ್ದೀರಿ. ಸಾಧಿತವಾಗಿದೆ ಎಂದೇ ನಾನು ಹೇಳುತ್ತೇನೆ. ಆದರೆ ಎದುರಾಳಿ ಖಂಡದ ಹೊರಗಿದ್ದಾಗ ಗಟ್ಟಿಯಾಗಿರುವ ಈ ಒಗ್ಗಟ್ಟು, ತಮ್ಮದೇ ಸಂಪತ್ತಿನ ಪ್ರಶ್ನೆ ಬಂದಾಗ ಸಡಿಲಗೊಳ್ಳುತ್ತದೆ.

ವಿಷಕಾರಿ ತ್ಯಾಜ್ಯದ ಪ್ರಕರಣವನ್ನೇ ನೋಡಿ. 1988ರಲ್ಲಿ ನೈಜೀರಿಯಾದ ಕೊಕೊ ಎಂಬ ಸಣ್ಣ ಬಂದರು ಊರಿನ ಮನೆಯೊಂದರ ಹಿತ್ತಲಿನಲ್ಲಿ, ಇಟಲಿಯಿಂದ ತಂದು ಪೇರಿಸಿದ್ದ ಸಾವಿರಾರು ಪೀಪಾಯಿ ತ್ಯಾಜ್ಯ ಪತ್ತೆಯಾಯಿತು. ಜಾಗದ ಮಾಲೀಕನಿಗೆ ಸಿಗುತ್ತಿದ್ದ ಬಾಡಿಗೆ ತಿಂಗಳಿಗೆ ಸುಮಾರು ನೂರು ಡಾಲರ್. ನೈಜೀರಿಯಾ ಪಟ್ಟು ಹಿಡಿದ ಮೇಲೆ ಅದನ್ನು ತುಂಬಿಕೊಂಡು ಹಿಂದಿರುಗಿದ ‘ಕರೀನ್ ಬಿ’ ಹಡಗನ್ನು ಯುರೋಪಿನ ಹಲವು ದೇಶಗಳು ತಮ್ಮ ಬಂದರಿಗೆ ಸೇರಿಸಲಿಲ್ಲ (ಕೊಕೊದಲ್ಲಿದ್ದಷ್ಟು ದಿನ ಅದು ಯಾರಿಗೂ ವಿಷವಾಗಿರಲಿಲ್ಲ ಎಂದು ಕಾಣುತ್ತದೆ). ಮರುವರ್ಷ ಬಂದ ಬಾಸೆಲ್ ಒಪ್ಪಂದವು ಇಂಥ ಸಾಗಣೆಯನ್ನು ನಿಷೇಧಿಸದೆ, ಆಮದು ಮಾಡಿಕೊಳ್ಳುವ ದೇಶದ ಒಪ್ಪಿಗೆ ಪಡೆಯಬೇಕೆಂಬ ನಿಯಮಕ್ಕೆ ತೃಪ್ತಿಪಟ್ಟಿತು. ಅದು ಸಾಲದೆಂದು ಆಫ್ರಿಕಾದ ಸರ್ಕಾರಗಳು 1991ರಲ್ಲಿ ಮಾಲಿಯ ರಾಜಧಾನಿ ಬಮಾಕೊದಲ್ಲಿ ಸೇರಿ, ವಿಕಿರಣಶೀಲ ತ್ಯಾಜ್ಯವನ್ನೂ ಒಳಗೊಂಡಂತೆ, ಹೊರಗಿನಿಂದ ಬರುವ ಅಪಾಯಕಾರಿ ತ್ಯಾಜ್ಯವನ್ನು ಪೂರ್ತಿಯಾಗಿ ನಿಷೇಧಿಸುವ ತಮ್ಮದೇ ಒಪ್ಪಂದವನ್ನು ರೂಪಿಸಿಕೊಂಡವು.

ಜಾರಿಯ ವಿಷಯ ಬೇರೆ. ಒಪ್ಪಂದ ಊರ್ಜಿತವಾದದ್ದು 1998ರಲ್ಲಿ, ಸದಸ್ಯ ರಾಷ್ಟ್ರಗಳ ಮೊದಲ ಸಭೆ ಸೇರಿದ್ದು 2013ರಲ್ಲಿ. ಈ ನಡುವೆ 2006ರಲ್ಲಿ ಐವರಿ ಕೋಸ್ಟ್‌ನ ಅಬಿಜಾನ್ ನಗರದ ಹಲವೆಡೆ ‘ಪ್ರೊಬೊ ಕೋಲಾ’ ಹಡಗಿನ ವಿಷತ್ಯಾಜ್ಯವನ್ನು ಸುರಿದು ಹೋಗಲಾಯಿತು.

ಹವಾಮಾನ ಮಾತುಕತೆಗಳಲ್ಲಿ ವ್ಯವಸ್ಥೆ ಇನ್ನೂ ಬಿಗಿಯಾಗಿದೆ. 1985ರಲ್ಲಿ ಕೈರೋದಲ್ಲಿ ಆರಂಭವಾದ ಪರಿಸರ ಸಚಿವರ ಸಮ್ಮೇಳನವು ನಿಲುವನ್ನು ನಿರ್ಧರಿಸಿದರೆ, 1995ರಿಂದ ಇರುವ ಸಂಧಾನಕಾರರ ಗುಂಪು ಅದನ್ನು ಮೇಜಿನ ಮೇಲಿಡುತ್ತದೆ. ಕೋಪನ್‌ಹೇಗನ್ ಸಮಾವೇಶಕ್ಕೆ ಮುನ್ನ, 2009ರ ನವೆಂಬರ್‌ನಲ್ಲಿ ಬಾರ್ಸಿಲೋನಾದಲ್ಲಿ ಈ ಗುಂಪು, ಶ್ರೀಮಂತ ರಾಷ್ಟ್ರಗಳು ಹೊರಸೂಸುವಿಕೆ ಕಡಿತದ ಬಗ್ಗೆ ಗಂಭೀರವಾಗಿ ಚರ್ಚಿಸುವವರೆಗೆ ಉಳಿದ ವಿಷಯಗಳನ್ನು ಎತ್ತಿಕೊಳ್ಳಲು ಒಪ್ಪದೆ ಕಲಾಪವನ್ನೇ ತಡೆದು ನಿಲ್ಲಿಸಿತು. ಚಿಕ್ಕ ದೇಶವೊಂದು ಒಂಟಿಯಾಗಿ ಹೀಗೆ ಮಾಡಿದ್ದರೆ ಯಾರೂ ಕಿವಿಗೊಡುತ್ತಿರಲಿಲ್ಲ.

ಆದರೆ ದಂತದ ವ್ಯಾಪಾರದ ಪ್ರಶ್ನೆಯಲ್ಲಿ ಇದೇ ಸರ್ಕಾರಗಳು ಎದುರುಬದುರು ಕೂರುತ್ತವೆ. ಆನೆಗಳ ಸಂಖ್ಯೆ ಹೆಚ್ಚಿರುವ ಬೋಟ್ಸ್ವಾನಾ, ನಮೀಬಿಯಾ, ಜಿಂಬಾಬ್ವೆಗಳು ದಾಸ್ತಾನಿನ ದಂತ ಮಾರಲು ಅನುಮತಿ ಕೇಳುತ್ತ ಬಂದಿವೆ. ಕಳ್ಳಬೇಟೆಯಿಂದ ತತ್ತರಿಸಿದ ಕೀನ್ಯಾ ಅದನ್ನು ವಿರೋಧಿಸುತ್ತ ಬಂದಿದ್ದು, 2016ರಲ್ಲಿ ತನ್ನ ಬಳಿಯಿದ್ದ ನೂರು ಟನ್ನಿಗೂ ಹೆಚ್ಚು ದಂತವನ್ನು ನೈರೋಬಿಯಲ್ಲಿ ಸುಟ್ಟುಹಾಕಿತು. ಈ ವಿಷಯದಲ್ಲಿ ಇಡೀ ಖಂಡಕ್ಕೆ ಒಪ್ಪಿಗೆಯಾಗುವ ನಿಲುವು ಇದುವರೆಗೆ ಮೂಡಿಲ್ಲ, ಸದ್ಯಕ್ಕೆ ಮೂಡುವ ಸೂಚನೆಯೂ ನನಗೆ ಕಾಣುತ್ತಿಲ್ಲ.