ಕೂಲೆಂಟ್ ನಾತ, ಬ್ರಷ್ಷಿನ ಹನಿ, ಬೆಡ್ಡಿನ ತುಕ್ಕು

ಪ್ರಶ್ನೆ: ಮನೆಯ ಶೆಡ್ಡಿನಲ್ಲಿ ಚಿಕ್ಕ ಲೇತ್ (ಲೋಹವನ್ನು ತಿರುಗಿಸಿ ಕತ್ತರಿಸುವ ಯಂತ್ರ) ಇದೆ. ಕೆಲಸ ಭಾನುವಾರ ಮಾತ್ರ. ಟ್ಯಾಂಕಿನಲ್ಲಿ ಹತ್ತು ಲೀಟರ್ ಬೋರ್‌ವೆಲ್ ನೀರು ತುಂಬಿ ಕೂಲೆಂಟ್ ಆಯಿಲ್ (ಕತ್ತರಿಸುವಾಗ ಬಿಸಿ ತಗ್ಗಿಸಲು ನೀರಿಗೆ ಬೆರೆಸುವ ಆಯಿಲ್) ಅಂದಾಜಿಗೆ ಸುರಿದಿದ್ದೆ. ಮೂರೇ ವಾರಕ್ಕೆ ಕೊಳೆತ ಮೊಟ್ಟೆಯ ನಾತ, ಮೇಲೆ ಕೆನೆಯಂಥ ಗಸಿ. ಫಿನಾಯಿಲ್ ಹಾಕಬಹುದೇ?
– ಓದುಗರು, ತುಮಕೂರು

ಉತ್ತರ: ಫಿನಾಯಿಲ್ ಬೇಡ. ಬ್ಲೀಚಿಂಗ್ ಪೌಡರ್ ಅಂತೂ ಬೇಡವೇ ಬೇಡ, ಅದರ ಕ್ಲೋರಿನ್ ಬೆಡ್ಡಿನ (ಲೇತಿನ ಉದ್ದನೆಯ ತಳಭಾಗ) ಬೀಡನ್ನೇ (ಎರಕದ ಕಬ್ಬಿಣ) ತಿನ್ನುತ್ತದೆ. ನಾತ ಎಬ್ಬಿಸುವುದು ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾ. ಸ್ಲೈಡುಗಳಿಂದ (ಲೇತಿನ ಜಾರುವ ಭಾಗಗಳು) ಇಳಿದ ಆಯಿಲ್ ಮಿಶ್ರಣದ ಮೇಲೆ ತೇಲಿ ಮುಚ್ಚಳ ಹಾಕಿದಂತೆ ಕೂರುತ್ತದೆ. ವಾರವಿಡೀ ಪಂಪು ಓಡದಿದ್ದರೆ ಕೆಳಗೆ ಗಾಳಿ ಆಡುವುದಿಲ್ಲ. ಕೆನೆಯಂಥ ಗಸಿಗೆ ಬೋರ್‌ವೆಲ್ಲಿನ ಗಡಸು ನೀರು ಕಾರಣ: ಅದರ ಕ್ಯಾಲ್ಸಿಯಂ ಆಯಿಲನ್ನು ನೀರಿನಲ್ಲಿ ಹಿಡಿದಿಡುವ ಸಾಬೂನಿನಂಶವನ್ನು ಒಡೆಯುತ್ತದೆ.

ಇರುವುದನ್ನು ಪೂರ್ತಿ ತೆಗೆಯಿರಿ. ಅಡಿಯ ಕೆಸರು ಕೆರೆದು, ಟ್ಯಾಂಕು, ಪೈಪು, ಪಂಪಿನ ಜಾಲರಿ ಎಲ್ಲ ತೊಳೆಯಿರಿ. ಒಂದು ಹಿಡಿ ಕೆಸರು ಉಳಿದರೂ ಹೊಸ ಮಿಶ್ರಣ ಕೆಲವೇ ದಿನಗಳಲ್ಲಿ ಕೆಡುತ್ತದೆ. ತೆಗೆದದ್ದನ್ನು ಚರಂಡಿಗೆ ಸುರಿಯಬೇಡಿ. ಕ್ಯಾನಿನಲ್ಲಿ ತುಂಬಿಟ್ಟು, ಬಳಸಿದ ಆಯಿಲನ್ನು ಪರವಾನಗಿ ಪಡೆದವರಿಗೆ ಕೊಡುವ ಯಾವುದಾದರೂ ವರ್ಕ್‌ಶಾಪಿಗೆ ತಲುಪಿಸಿ.

ಹೊಸದಕ್ಕೆ ಮಳೆನೀರು ಅಥವಾ ಆರ್‌ಒ ನೀರು ಹತ್ತು ಲೀಟರ್, ಆಯಿಲ್ ಅರ್ಧ ಲೀಟರ್. ಬಕೆಟ್ಟಿನಲ್ಲಿ ಮೊದಲು ನೀರು, ಅದಕ್ಕೆ ಕಲಕುತ್ತಾ ಸಣ್ಣ ಧಾರೆಯಲ್ಲಿ ಆಯಿಲ್. ಆಯಿಲಿಗೆ ನೀರು ಹೊಯ್ದರೆ ಮೊಸರಿನಂತೆ ಗಟ್ಟಿಯಾಗಿ ಸರಿಯಾಗಿ ಬೆರೆಯುವುದಿಲ್ಲ. ನೀರು ಆರಿ ಮಟ್ಟ ಇಳಿದಾಗ ಬರೀ ನೀರು ಹಾಕದೆ ಲೀಟರಿಗೆ 25 ಮಿ.ಲೀ. ಆಯಿಲ್ ಬೆರೆಸಿ ತುಂಬಿ. ತೇಲುವ ಆಯಿಲನ್ನು ವಾರಕ್ಕೊಮ್ಮೆ ಬಟ್ಟೆಯಲ್ಲಿ ಅದ್ದಿ ತೆಗೆಯಿರಿ. ಮೀನಿನ ತೊಟ್ಟಿಯ ಗಾಳಿ ಪಂಪನ್ನು ದಿನಕ್ಕೆ ಒಂದೆರಡು ಗಂಟೆ ಓಡಿಸಿದರೂ ತುಂಬಾ ಉಪಯೋಗ.

ಆದರೆ ನಮ್ಮ ಅಭಿಪ್ರಾಯ ಕೇಳಿದರೆ, ಭಾನುವಾರದ ಲೇತಿಗೆ ಟ್ಯಾಂಕೇ ಬೇಡ. ಒಂದು ಬಟ್ಟಲು, ಒಂದು ಬ್ರಷ್ ಸಾಕು.

ಪ್ರಶ್ನೆ: ಕೂಲೆಂಟನ್ನು ಬ್ರಷ್ಷಿನಲ್ಲಿ ಹಚ್ಚುವುದು ಹೇಗೆ? ಎಲ್ಲ ಲೋಹಕ್ಕೂ ಬೇಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಪೇಂಟ್ ಅಂಗಡಿಯ ಅರ್ಧ ಇಂಚಿನ ಕೂದಲ ಬ್ರಷ್ ತನ್ನಿ. ನೈಲಾನ್ ಬೇಡ, ಬಿಸಿ ಚೂರು ತಾಗಿದರೆ ಕರಗುತ್ತದೆ. ಕೂದಲು ಜಾಬಿಗೆ (ತಿರುಗುತ್ತಿರುವ ಲೋಹದ ತುಂಡು) ತಾಗಲೇಬಾರದು, ಹನಿ ಮಾತ್ರ ಬೀಳಬೇಕು. ಜಾಬ್ ಮೇಲಿನಿಂದ ಟೂಲಿನತ್ತ (ಲೋಹ ಕತ್ತರಿಸುವ ಉಳಿ) ತಿರುಗುವುದರಿಂದ ಕೂದಲು ಸಿಕ್ಕರೆ ಬ್ರಷ್ ಟೂಲ್ ತುದಿಗೆ ಎಳೆದುಕೊಳ್ಳುತ್ತದೆ, ಅದರ ಹಿಂದೆಯೇ ಬೆರಳು. ಕೈಗವಸು ಹಾಕಿಕೊಂಡು ಈ ಕೆಲಸ ಎಂದಿಗೂ ಮಾಡಬೇಡಿ.

ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲಿನಲ್ಲಿ 25 ಮಿ.ಮೀ. ಮೈಲ್ಡ್ ಸ್ಟೀಲ್ ರಾಡನ್ನು ಸುಮಾರು 380 ಆರ್‌ಪಿಎಂನಲ್ಲಿ ತಿರುಗಿಸುವಾಗ ಕೆಲ ಸೆಕೆಂಡಿಗೊಮ್ಮೆ ಹನಿ ಸಾಕು. ಕತ್ತರಿಸಿ ಬರುವ ಲೋಹದ ಸುರುಳಿ ನೀಲಿಗೆ ತಿರುಗಿದರೆ ವೇಗ ತಗ್ಗಿಸಿ. ಕಾರ್ಬೈಡ್ ಇನ್ಸರ್ಟಿಗೆ (ಟೂಲಿಗೆ ಕೂರಿಸುವ ಗಡಸು ಲೋಹದ ತುದಿ) ಈ ಹನಿ ಲೆಕ್ಕ ನಡೆಯದು: ಕೆಂಪಗೆ ಕಾದ ತುದಿಗೆ ಬಿಟ್ಟುಬಿಟ್ಟು ನೀರು ಬಿದ್ದರೆ ಕೂದಲೆಳೆ ಬಿರುಕು ಬಿಟ್ಟು ಅಂಚು ಉದುರುತ್ತದೆ. ಧಾರಾಳವಾಗಿ ಹರಿಸಿ, ಇಲ್ಲವೇ ಒಣಗಿದಂತೆಯೇ ಕತ್ತರಿಸಿ. ಹಿತ್ತಾಳೆ, ಬೀಡು ಒಣಗಿದಂತೆಯೇ ಚೆನ್ನ. ಬೀಡಿನ ಪುಡಿ ಕೂಲೆಂಟಿನಲ್ಲಿ ಕಲಸಿದರೆ ಸ್ಲೈಡನ್ನು ಸವೆಸುವ ಪೇಸ್ಟೇ ಆಗುತ್ತದೆ. ಅಲ್ಯೂಮಿನಿಯಂ ಟೂಲ್ ತುದಿಗೆ ಅಂಟುವುದಾದರೆ ಸೀಮೆಎಣ್ಣೆ ಎರಡು ಹನಿ, ಹತ್ತಿರ ಕಿಡಿ ಇರದಂತೆ.

ಪ್ರಶ್ನೆ: ಮಳೆಗಾಲದಲ್ಲಿ ದಿನವೂ ಕಂಪ್ರೆಸರಿನಲ್ಲಿ ಊದಿ ಸ್ವಚ್ಛ ಮಾಡಿದರೂ ಬೆಡ್ ಮೇಲೆ ತುಕ್ಕಿನ ಕಲೆ.
– ಓದುಗರು, ಉಡುಪಿ

ಉತ್ತರ: ಊದುವುದನ್ನು ಮೊದಲು ನಿಲ್ಲಿಸಿ. ಗಾಳಿ ಚೂರನ್ನೂ ನೀರನ್ನೂ ಕ್ಯಾರೇಜಿನ (ಟೂಲ್ ಹೊತ್ತು ಬೆಡ್ ಮೇಲೆ ಜಾರುವ ಭಾಗ) ವೈಪರ್ (ಚೂರು ತಡೆಯುವ ಪಟ್ಟಿ) ಒಳಕ್ಕೇ ತಳ್ಳುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ, ಸುರುಳಿಗಳನ್ನು ಕೊಕ್ಕೆಯಿಂದ ಎಳೆದು, ಉಳಿದ ಚೂರನ್ನು ಬ್ರಷ್ಷಿನಿಂದ ಗುಡಿಸಿ, ಬನಿಯನ್ ವೇಸ್ಟಿನಲ್ಲಿ (ಬನಿಯನ್ ಬಟ್ಟೆಯ ಚಿಂದಿ) ಒರೆಸಿ. ಟೈಲ್‌ಸ್ಟಾಕ್ (ಜಾಬಿನ ಇನ್ನೊಂದು ತುದಿಗೆ ಆಸರೆಯಾಗುವ ಭಾಗ) ಸರಿಸಿ ಅದರ ತಳವನ್ನೂ ಒರೆಸಬೇಕು, ಕಲೆ ಹೆಚ್ಚಾಗಿ ಹುಟ್ಟುವುದು ಅಲ್ಲೇ. ಆಮೇಲೆ 68 ಗ್ರೇಡಿನ ಸ್ಲೈಡ್‌ವೇ ಆಯಿಲ್ ತೆಳ್ಳಗೆ ಹಚ್ಚಿ ಕ್ಯಾರೇಜನ್ನು ಬೆಡ್ಡಿನ ಉದ್ದಕ್ಕೂ ಎರಡು ಸಲ ಓಡಿಸಿ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ಬೆವರುತ್ತದೆ. ಹತ್ತಿಯ ಹಳೇ ಬೆಡ್‌ಶೀಟೇ ಒಳ್ಳೆಯದು.